ಕರ್ನಲ್ ಲಾಗ್ ತುಂಬಿಸುವ ‘ಸರಿಪಡಿಸಿದ ದೋಷ’: ಒಂದು ಪ್ರಕರಣ ಅಧ್ಯಯನ

ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಕೊಟ್ಟ ಕೂಡಲೇ ಪರದೆ ಅರೆಕ್ಷಣ ಕಪ್ಪಾಗಿ, ಮತ್ತೆ ಅದೇ ಲಾಗಿನ್ ಪರದೆಗೆ ಬಂದು ನಿಲ್ಲುತ್ತದೆ. ಪಾಸ್‌ವರ್ಡ್ ಸರಿಯಾಗಿಯೇ ಇದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಪಠ್ಯದ ಕನ್ಸೋಲಿಗೆ ಹೋಗಿ ‘ಡಿಎಫ್ -ಎಚ್’ ಕೊಟ್ಟರೆ ರೂಟ್ ಪಾರ್ಟಿಷನ್ 100% ಭರ್ತಿ ಎಂದು ತೋರಿಸುತ್ತದೆ. ಡೆಸ್ಕ್‌ಟಾಪ್ ಶುರುವಾಗುವಾಗ ಬರೆಯಬೇಕಾದ ಸಣ್ಣಪುಟ್ಟ ಫೈಲುಗಳಿಗೂ ಜಾಗ ಉಳಿದಿಲ್ಲ. ಜಾಗ ನುಂಗಿದ್ದು /ವಾರ್/ಲಾಗ್ ಒಳಗೆ ಕರ್ನಲ್ (ಲಿನಕ್ಸಿನ ತಿರುಳು) ಸಂದೇಶಗಳನ್ನು ಬರೆದಿಡುವ ಎರಡು ಫೈಲು: ಕರ್ನ್.ಲಾಗ್ ಮತ್ತು ಸಿಸ್‌ಲಾಗ್. ತೆರೆದು ನೋಡಿದರೆ ಎರಡರಲ್ಲೂ ಮೇಲಿಂದ ಕೆಳಗಿನವರೆಗೆ ಅವೇ ನಾಲ್ಕು ಸಾಲು.

2015ರ ಕೊನೆಯಲ್ಲಿ ಇಂಟೆಲ್‌ನ ಸ್ಕೈಲೇಕ್ ಲ್ಯಾಪ್‌ಟಾಪುಗಳು ಮಾರುಕಟ್ಟೆಗೆ ಬಂದಾಗಿನಿಂದ ಲಿನಕ್ಸ್ ಬಳಸುವವರು ಈ ಕಾಟವನ್ನು ಬಲ್ಲರು. ಉಬುಂಟುವಿನ ದೋಷಪಟ್ಟಿಯಲ್ಲಿ ಇದಕ್ಕೆ 1521173 ಎಂಬ ಸಂಖ್ಯೆ. ಇಲ್ಲಿ ಬಿಡಿಸಿ ನೋಡುತ್ತಿರುವುದು ಆ ಗುಂಪಿನ ಒಂದು ಸಾಮಾನ್ಯ ಜೋಡಣೆಯನ್ನು: ವಿಳಾಸ 00:1ಸಿ.5ರಲ್ಲಿ ಚಿಪ್‌ಸೆಟ್ಟಿನ ಪಿಸಿಐ ಎಕ್ಸ್‌ಪ್ರೆಸ್ (ಯಂತ್ರದೊಳಗಿನ ಕಾರ್ಡುಗಳನ್ನು ಜೋಡಿಸುವ ದಾರಿ) ರೂಟ್ ಪೋರ್ಟ್ 6 (ಐಡಿ 8086:9ಡಿ15), ಅದರ ಕೆಳಗೆ ರಿಯಲ್‌ಟೆಕ್ ಆರ್‌ಟಿಎಲ್8723ಬಿಇ ವೈಫೈ ಕಾರ್ಡ್ (ಐಡಿ 10ಇಸಿ:ಬಿ723), ಮೇಲೆ ಉಬುಂಟು, ಲಾಗ್ ಬರೆಯಲು ಆರ್‌ಸಿಸ್‌ಲಾಗ್. ಆದೇಶಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು. ಹದಿನಾರರ ಲೆಕ್ಕದ ಸಂಖ್ಯೆಗಳಲ್ಲಿ ಎ ಇಂದ ಎಫ್‌ವರೆಗಿನ ಅಕ್ಷರಗಳು 10ರಿಂದ 15.

ಮೊದಲು ಜಾಗ ಬಿಡಿಸಬೇಕು. ಇಲ್ಲೇ ಹಲವರು ಎಡವುತ್ತಾರೆ. ‘ಆರ್‌ಎಂ ಕರ್ನ್.ಲಾಗ್’ ಎಂದು ಅಳಿಸಿದರೆ ಫೈಲಿನ ಹೆಸರು ಹೋಗುತ್ತದೆ, ಜಾಗ ವಾಪಸ್ ಬರುವುದಿಲ್ಲ. ಆರ್‌ಸಿಸ್‌ಲಾಗ್ ಅದನ್ನು ಇನ್ನೂ ತೆರೆದುಕೊಂಡೇ ಕೂತಿರುವುದರಿಂದ ಕಣ್ಣಿಗೆ ಕಾಣದ ಆ ಫೈಲು ಬೆಳೆಯುತ್ತಲೇ ಇರುತ್ತದೆ. (ಹಾಗೆ ಅಳಿಸಿಬಿಟ್ಟಿದ್ದರೆ ‘ಎಲ್‌ಎಸ್‌ಒಎಫ್ +ಎಲ್1’ ಅದನ್ನು ತೋರಿಸುತ್ತದೆ, ಆರ್‌ಸಿಸ್‌ಲಾಗ್ ಮರುಚಾಲನೆ ಮಾಡಿದರೆ ಜಾಗ ಬಿಡುಗಡೆ.) ಸರಿಯಾದ ದಾರಿ ‘ಸುಡೊ ಟ್ರಂಕೇಟ್ -ಎಸ್ 0 /ವಾರ್/ಲಾಗ್/ಕರ್ನ್.ಲಾಗ್’, ಸಿಸ್‌ಲಾಗ್‌ಗೂ ಅದೇ. ಅದಕ್ಕೂ ಮುಂಚೆ ‘ಟೇಲ್ -ಎನ್ 2000’ ಮಾಡಿ ಕೊನೆಯ 2000 ಸಾಲನ್ನು ಪೆನ್‌ಡ್ರೈವಿಗೆ ಎತ್ತಿಟ್ಟುಕೊಳ್ಳಿ. ಸಿಸ್ಟಮ್‌ಡಿ ಜರ್ನಲ್ಲೂ ಉಬ್ಬಿದ್ದರೆ ‘ಜರ್ನಲ್‌ಸಿಟಿಎಲ್ --ರೊಟೇಟ್’ ಕೊಟ್ಟು ಆಮೇಲೆ ‘ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ’. ವ್ಯಾಕ್ಯೂಮ್ ಮುಟ್ಟುವುದು ಬರೆದು ಮುಗಿಸಿದ ಹಳೆಯ ಜರ್ನಲ್ ಫೈಲುಗಳನ್ನು ಮಾತ್ರ, ಹಾಗಾಗಿ ರೊಟೇಟ್ ಮೊದಲು ಬೇಕು.

ಈಗ ಆ ನಾಲ್ಕು ಸಾಲು. ಅವುಗಳಲ್ಲಿನ ಎಇಆರ್ ಎಂದರೆ ಪಿಸಿಐ ಎಕ್ಸ್‌ಪ್ರೆಸ್‌ನ ದೋಷ ವರದಿ ವ್ಯವಸ್ಥೆ. 2015–16ರ ಕರ್ನಲ್‌ಗಳಲ್ಲಿ ಅವು ಹೀಗಿರುತ್ತಿದ್ದವು:

ಪಿಸಿಐಇಪೋರ್ಟ್ 0000:00:1ಸಿ.5: ಎಇಆರ್: ಕರೆಕ್ಟೆಡ್ ಎರರ್ ರಿಸೀವ್ಡ್: ಐಡಿ=00ಇ5
ಪಿಸಿಐಇಪೋರ್ಟ್ 0000:00:1ಸಿ.5: ಪಿಸಿಐಇ ಬಸ್ ಎರರ್: ಸಿವಿಯಾರಿಟಿ=ಕರೆಕ್ಟೆಡ್, ಟೈಪ್=ಫಿಸಿಕಲ್ ಲೇಯರ್, ಐಡಿ=00ಇ5(ರಿಸೀವರ್ ಐಡಿ)
ಪಿಸಿಐಇಪೋರ್ಟ್ 0000:00:1ಸಿ.5: ಡಿವೈಸ್ [8086:9ಡಿ15] ಎರರ್ ಸ್ಟೇಟಸ್/ಮಾಸ್ಕ್=00000001/00002000
ಪಿಸಿಐಇಪೋರ್ಟ್ 0000:00:1ಸಿ.5: [ 0] ರಿಸೀವರ್ ಎರರ್ (ಫಸ್ಟ್)

ಐಡಿಯಿಂದ ಶುರು ಮಾಡೋಣ. 00ಇ5ರಲ್ಲಿ ಮೊದಲ ಎರಡು ಅಂಕೆ ಬಸ್ಸಿನ ಸಂಖ್ಯೆ, 00. ಉಳಿದ ಇ5 ಎಂದರೆ ದಶಮಾನದಲ್ಲಿ 229. 28 ಗುಣಿಸು 8, ಕೂಡಿಸು 5. 28ನ್ನು ಹದಿನಾರರ ಲೆಕ್ಕದಲ್ಲಿ ಬರೆದರೆ 1ಸಿ. ಅಂದರೆ ಡಿವೈಸ್ 1ಸಿ, ಫಂಕ್ಷನ್ 5: ದೋಷ ಕಂಡವರು ಯಾರು ಎಂದು ಕೇಳಿದರೆ ಉತ್ತರ ಅದೇ ರೂಟ್ ಪೋರ್ಟ್. ‘ರಿಸೀವರ್’ ಎಂಬ ಮಾತು ದಿಕ್ಕನ್ನೂ ಹೇಳುತ್ತದೆ. ವೈಫೈ ಕಾರ್ಡು ಕಳಿಸಿದ ಸಂಕೇತ ಪೋರ್ಟಿನ ಕಿವಿಗೆ ಸರಿಯಾಗಿ ಕೇಳಿಸಿಲ್ಲ. ಹಾಗಾಗಿ ಅನುಮಾನಿಸಬೇಕಾದ್ದು ಕಾರ್ಡಿನ ಕಳಿಸುವ ಭಾಗ, ನಡುವಿನ ಕನೆಕ್ಟರ್, ಪೋರ್ಟಿನ ಸ್ವೀಕರಿಸುವ ಭಾಗ, ಈ ಮೂರನ್ನು.

ಸ್ಟೇಟಸ್ 00000001 ಎಂದರೆ ಬಿಟ್ 0 ಮಾತ್ರ ಎದ್ದಿದೆ, ಅದು ರಿಸೀವರ್ ಎರರ್. ಬಿಟ್ 6 ಎದ್ದಿದ್ದರೆ ಪ್ಯಾಕೆಟ್ಟೇ ಕೆಟ್ಟಿದೆ ಎಂದು, 7 ಎದ್ದಿದ್ದರೆ ಲಿಂಕ್ ಪದರದ ಪ್ಯಾಕೆಟ್ ಕೆಟ್ಟಿದೆ ಎಂದು, 8 ಎದ್ದಿದ್ದರೆ ಮರುರವಾನೆಯ ಎಣಿಕೆ ಸುತ್ತು ತಿರುಗಿದೆ ಎಂದು, 12 ಎದ್ದಿದ್ದರೆ ಉತ್ತರಕ್ಕಾಗಿ ಕಾದು ಸಮಯ ಮೀರಿ ಮತ್ತೆ ಕಳಿಸಬೇಕಾಯಿತು ಎಂದು. ಮಾಸ್ಕ್‌ನ 00002000 ಎಂದರೆ ಬಿಟ್ 13. ‘ಸಲಹಾತ್ಮಕ, ಮಾರಕವಲ್ಲದ’ ದೋಷಗಳನ್ನು ವರದಿ ಮಾಡಬೇಡ ಎಂದು ಹಾರ್ಡ್‌ವೇರಿನಲ್ಲಿ ಮೊದಲಿನಿಂದಲೇ ಇರುವ ಸೆಟ್ಟಿಂಗ್. ಅದಕ್ಕೂ ನಮ್ಮ ಕಾಟಕ್ಕೂ ಸಂಬಂಧವಿಲ್ಲ.

‘ಕರೆಕ್ಟೆಡ್’ ಎಂಬುದನ್ನು ಅಕ್ಷರಶಃ ನಂಬಬಹುದು. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಪ್ರತಿ ಪ್ಯಾಕೆಟ್ಟಿಗೂ ಪರೀಕ್ಷಾ ಸಂಖ್ಯೆ ಇರುತ್ತದೆ. ತಾಳೆಯಾಗದಿದ್ದರೆ ಎದುರಿನವನು ಅದನ್ನು ಮತ್ತೆ ಕಳಿಸುತ್ತಾನೆ. ಡೇಟಾ ಕಳೆದಿಲ್ಲ, ಡ್ರೈವರಿಗೆ ಗೊತ್ತೂ ಆಗಿಲ್ಲ. ಇಷ್ಟಕ್ಕೂ ಒಂದಷ್ಟು ತಪ್ಪುಗಳಿಗೆ ಮಾನದಂಡದಲ್ಲೇ ಅವಕಾಶವಿದೆ: 10ರ ಘಾತ 12 ಬಿಟ್‌ಗಳಿಗೆ ಒಂದು ತಪ್ಪಾದರೂ ಲಿಂಕ್ ಆರೋಗ್ಯವಾಗಿದೆ ಎಂದೇ ಲೆಕ್ಕ. ಈ ವೈಫೈ ಕಾರ್ಡಿನಂಥ 2.5 ಗಿಗಾಟ್ರಾನ್ಸ್‌ಫರ್ ಲೇನಿನಲ್ಲಿ ಅಷ್ಟು ಬಿಟ್ ಹರಿಯಲು 400 ಸೆಕೆಂಡು ಬೇಕು. ಗಂಟೆಗೆ 9 ದೋಷ ಬಂದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸೆಕೆಂಡಿಗೆ ನೂರು ಬಂದರೆ ಮಾನದಂಡ ಬಿಟ್ಟುಕೊಟ್ಟ ಮಿತಿಯ 40,000 ಪಟ್ಟು ಆಯಿತು. ಆಗ ‘ಸರಿಪಡಿಸಿದೆಯಲ್ಲ, ಬಿಡಿ’ ಎನ್ನುವ ಹಾಗಿಲ್ಲ.

ಸೆಕೆಂಡಿಗೆ 100 ಎಂದೇ ಇಟ್ಟುಕೊಂಡು ಲಾಗ್‌ನ ಲೆಕ್ಕ ಹಾಕೋಣ. ಒಂದು ದೋಷಕ್ಕೆ ನಾಲ್ಕು ಸಾಲು. ದಿನಾಂಕ, ಯಂತ್ರದ ಹೆಸರು ಸೇರಿ ಫೈಲಿನಲ್ಲಿ ಸುಮಾರು 500 ಬೈಟ್. ಸೆಕೆಂಡಿಗೆ 50 ಕಿಲೋಬೈಟ್, ದಿನಕ್ಕೆ 4.3 ಗಿಗಾಬೈಟ್. ಉಬುಂಟುವಿನ ಆರ್‌ಸಿಸ್‌ಲಾಗ್ ಕರ್ನಲ್ ಸಂದೇಶವನ್ನು ಕರ್ನ್.ಲಾಗ್ ಮತ್ತು ಸಿಸ್‌ಲಾಗ್ ಎರಡಕ್ಕೂ ಬರೆಯುವುದರಿಂದ ಅದು 8.6 ಗಿಗಾಬೈಟ್, ಜರ್ನಲ್ ಬೇರೆ. 64 ಗಿಗಾಬೈಟಿನ ರೂಟ್ ಪಾರ್ಟಿಷನ್ ಒಂದು ವಾರ ತಡೆಯುವುದೂ ಕಷ್ಟ.

ಡಿಸ್ಕ್ ತುಂಬುವುದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಮೆಮೊರಿಯಲ್ಲಿದೆ. ಡಿಮೆಸೇಜ್ ತೋರಿಸುವ ಕರ್ನಲ್ ಬಫರ್ ಒಂದು ಉಂಗುರ. ಹೊಸದು ಬಂದ ಹಾಗೆ ಹಳೆಯದು ಅಳಿಯುತ್ತದೆ. 256 ಕಿಲೋಬೈಟಿನ ಉಂಗುರದಲ್ಲಿ ಇಂಥ ದೋಷ 500 ಚಿಲ್ಲರೆ ಹಿಡಿಸುತ್ತವೆ, ಅಂದರೆ ಐದು ಸೆಕೆಂಡಿನ ಚರಿತ್ರೆ. ಆರನೆಯ ಸೆಕೆಂಡಿಗೆ ಬೂಟ್ ಸಂದೇಶಗಳು ಡಿಮೆಸೇಜ್‌ನಿಂದ ಮಾಯ. ಅದೇ ಹೊತ್ತಿನಲ್ಲಿ ಎಸ್‌ಎಸ್‌ಡಿ ‘ಓದಲಾಗುತ್ತಿಲ್ಲ’ ಎಂದು ಒಂದೇ ಒಂದು ಸಾಲು ಬರೆದಿದ್ದರೆ ಅದನ್ನು ನೋಡುವವರು ಯಾರು? ಸೀರಿಯಲ್ ಕನ್ಸೋಲ್ ಹಚ್ಚಿದ ಸರ್ವರ್ ಆಗಿದ್ದರೆ ಇನ್ನೂ ಕೆಟ್ಟದ್ದು. 115200 ಬಾಡ್ ತಂತಿ ಸೆಕೆಂಡಿಗೆ 11,520 ಬೈಟ್ ಮಾತ್ರ ಒಯ್ಯುತ್ತದೆ. ಒಂದು ದೋಷದ ನಾಲ್ಕು ಸಾಲಿಗೆ ಸುಮಾರು 32 ಮಿಲಿಸೆಕೆಂಡು ಹಿಡಿಯುತ್ತದೆ. ಸೆಕೆಂಡಿಗೆ 31 ದೋಷವಾದರೆ ತಂತಿ ಭರ್ತಿ. ಅದರ ಮೇಲಾದರೆ ಪ್ರಿಂಟ್‌ಕೆ (ಕರ್ನಲ್ ಸಂದೇಶ ಬರೆಯುವ ಕಾರ್ಯ) ಮಾಡುತ್ತಿರುವ ಸಿಪಿಯು ತಂತಿ ಖಾಲಿಯಾಗುವುದನ್ನೇ ಕಾಯುತ್ತಾ ಕೂರುತ್ತದೆ, ಯಂತ್ರ ತಡವರಿಸುತ್ತದೆ.

ಹಾಗಾದರೆ ಈ ಪ್ರಕರಣದಲ್ಲಿ ಸಾಧಿಸಬೇಕಾದ್ದು ಏನು? ಸಾಲುಗಳು ನಿಲ್ಲಬೇಕು, ಎಣಿಕೆ ಉಳಿಯಬೇಕು. ಪೇಟೆಯಲ್ಲಿ ಚಾಲ್ತಿಯಿರುವ ಮದ್ದುಗಳಲ್ಲಿ ಬಹುಪಾಲು ಮೊದಲನೆಯದನ್ನು ಮಾಡಿ ಎರಡನೆಯದನ್ನು ಕೈಬಿಡುತ್ತವೆ. ಕೆಲವು ಮೊದಲನೆಯದನ್ನೂ ಮಾಡುವುದಿಲ್ಲ.

ಎಲ್ಲಕ್ಕಿಂತ ಜನಪ್ರಿಯ ಮದ್ದು, ಯಂತ್ರವನ್ನು ಬೂಟ್ ಮಾಡಿಸುವ ಗ್ರಬ್‌ನ ಸಾಲಿನಲ್ಲಿ ‘ಪಿಸಿಐ=ನೋಎಇಆರ್’. ಒಂದು ಪದ, ಒಂದು ರೀಬೂಟ್, ಲಾಗ್ ಶಾಂತ. ಆದರೆ ಅದು ನಿಲ್ಲಿಸುವುದು ಇಡೀ ಯಂತ್ರದ ಎಇಆರ್ ವ್ಯವಸ್ಥೆಯನ್ನು. ನಾಳೆ ಎನ್‌ವಿಎಂಇ ಡಿಸ್ಕಿನ (ಅದೂ ಪಿಸಿಐ ಎಕ್ಸ್‌ಪ್ರೆಸ್ ಮೇಲೇ ಓಡುವ ಎಸ್‌ಎಸ್‌ಡಿ) ಲಿಂಕಿನಲ್ಲಿ ಸರಿಪಡಿಸಲಾಗದ ದೋಷ ಬಂದರೆ ವರದಿಯೂ ಇಲ್ಲ, ಕರ್ನಲ್ ಕೈಗೊಳ್ಳುತ್ತಿದ್ದ ಚೇತರಿಕೆಯ ಕ್ರಮವೂ ಇಲ್ಲ. ನೆಂಟರ ಗಲಾಟೆ ತಡೆಯಲಾರದೆ ಮನೆಯ ಬಾಗಿಲಿಗೇ ಇಟ್ಟಿಗೆ ಕಟ್ಟಿದ ಹಾಗೆ.

‘ಪಿಸಿಐ=ನೋಎಂಎಸ್‌ಐ’ ಅದಕ್ಕಿಂತ ಒರಟು. ದೋಷ ವರದಿಗೆ ಬಳಕೆಯಾಗುವ ಸಂದೇಶ ರೂಪದ ಇಂಟರಪ್ಟುಗಳನ್ನು ಎಲ್ಲ ಸಾಧನಕ್ಕೂ ಕಿತ್ತುಹಾಕುತ್ತದೆ. ಎನ್‌ವಿಎಂಇ ಡಿಸ್ಕು ಪ್ರತಿ ಸಿಪಿಯುಗೊಂದು ಸರತಿ ಇಟ್ಟುಕೊಂಡು ಓಡುವುದೇ ಆ ಇಂಟರಪ್ಟುಗಳ ಬಲದ ಮೇಲೆ.

‘ಪಿಸಿಐಇ_ಎಎಸ್‌ಪಿಎಂ=ಆಫ್’ ಕಾರಣಕ್ಕೆ ಹತ್ತಿರದ ಮದ್ದು, ಆದರೆ ಹೆಸರು ದಾರಿ ತಪ್ಪಿಸುತ್ತದೆ. ಎಎಸ್‌ಪಿಎಂ ಎಂದರೆ ಲಿಂಕ್ ಖಾಲಿ ಇರುವಾಗ ಅದನ್ನು ಅರೆನಿದ್ದೆಗೆ ಕಳಿಸಿ ವಿದ್ಯುತ್ ಉಳಿಸುವ ಏರ್ಪಾಟು. ‘ಆಫ್’ ಎಂದರೆ ಎಎಸ್‌ಪಿಎಂ ಬಂದ್ ಆಯಿತು ಎಂದೇ ಎಲ್ಲರೂ ಓದಿಕೊಳ್ಳುತ್ತಾರೆ. ಕರ್ನಲ್ ದಾಖಲೆಯಲ್ಲಿರುವ ಅರ್ಥ ಬೇರೆ: ಎಎಸ್‌ಪಿಎಂ ಸೆಟ್ಟಿಂಗನ್ನು ಕರ್ನಲ್ ಮುಟ್ಟುವುದೇ ಇಲ್ಲ, ಬಯಾಸ್ ಏನು ಇಟ್ಟಿದೆಯೋ ಅದೇ ಉಳಿಯುತ್ತದೆ. ಬಯಾಸ್ ಎಲ್1 ಎಂಬ ಅರೆನಿದ್ದೆಯ ಸ್ಥಿತಿಯನ್ನು ಚಾಲೂ ಮಾಡಿ ಕೊಟ್ಟಿದ್ದರೆ ಅದು ಚಾಲೂ ಆಗಿಯೇ ಇರುತ್ತದೆ. ಒಬ್ಬರಿಗೆ ಕೆಲಸ ಮಾಡಿದ ಮದ್ದು ಇನ್ನೊಬ್ಬರಿಗೆ ಹತ್ತದೆ ಹೋಗಲು ಇದೂ ಒಂದು ಕಾರಣ. ನಿಜವಾಗಿ ಎಲ್ಲ ಲಿಂಕುಗಳಲ್ಲೂ ಬಂದ್ ಮಾಡಬೇಕಾದರೆ ‘ಪಿಸಿಐಇ_ಎಎಸ್‌ಪಿಎಂ.ಪಾಲಿಸಿ=ಪರ್ಫಾರ್ಮೆನ್ಸ್’; ಅದರ ಬೆಲೆಯನ್ನು ಬ್ಯಾಟರಿ ತೆರುತ್ತದೆ.

ಲಾಗ್ ಬರೆಯುವ ಕಡೆಯಿಂದ ತಡೆಯುವ ಪ್ರಯತ್ನಗಳೂ ಉಂಟು. ಆರ್‌ಸಿಸ್‌ಲಾಗ್‌ಗೆ ‘ಹಿಂದಿನ ಸಂದೇಶವೇ ಇಷ್ಟು ಸಲ ಬಂತು’ ಎಂದು ಮಡಚುವ ಸೌಲಭ್ಯವಿದೆ, ಉಬುಂಟುವಿನಲ್ಲಿ ಚಾಲೂ ಇರುತ್ತದೆ ಕೂಡ. ಇಲ್ಲಿ ಅದು ಕೈಕೊಡುತ್ತದೆ. ಅದು ಹೋಲಿಸುವುದು ತೀರಾ ಹಿಂದಿನ ಸಾಲಿನ ಜೊತೆ ಮಾತ್ರ. ನಾಲ್ಕು ಬೇರೆ ಬೇರೆ ಸಾಲು ಸರದಿಯಲ್ಲಿ ಬಂದರೆ ಯಾವುದೂ ಹಿಂದಿನದರಂತೆ ಇರುವುದಿಲ್ಲ. ಸಾಲಿನೊಳಗೇ ಕರ್ನಲ್ ಗಡಿಯಾರದ ಹೊತ್ತು ಬೇರೆ ಅಚ್ಚಾಗಿರುತ್ತದೆ.

ಇನ್ನು ಪಠ್ಯ ಹುಡುಕಿ ಎಸೆಯುವ ಫಿಲ್ಟರ್. ‘ಸಿವಿಯಾರಿಟಿ=ಕರೆಕ್ಟೆಡ್’ ಎಂದಿರುವ ಸಾಲನ್ನು ಎಸೆ ಎಂದರೆ ಹೋಗುವುದು ಎರಡನೆಯ ಸಾಲು ಮಾತ್ರ. ಮೂರನೆಯದರಲ್ಲಿ ಆ ಪದವಿಲ್ಲ. ‘ಎರರ್ ಸ್ಟೇಟಸ್/ಮಾಸ್ಕ್’ ಎಂಬ ಅದೇ ಸಾಲು ಮಾರಕ ದೋಷಕ್ಕೂ ಬರುತ್ತದೆ. ‘ಪಿಸಿಐಇಪೋರ್ಟ್ 0000:00:1ಸಿ.5’ ಎಂದಿರುವುದನ್ನೆಲ್ಲ ಎಸೆದರೆ ಆ ಪೋರ್ಟಿನ ಮಾರಕ ದೋಷವೂ ಜೊತೆಗೇ ಹೋಯಿತು. ಸಾಲದ್ದಕ್ಕೆ ಕರ್ನಲ್ ತನ್ನ ಮಾತನ್ನು ಬದಲಿಸುತ್ತಿರುತ್ತದೆ: ಹಳೆಯದರಲ್ಲಿ ‘ಕರೆಕ್ಟೆಡ್’, ಈಚಿನದರಲ್ಲಿ ‘ಕರೆಕ್ಟಬಲ್’. ಕರ್ನಲ್ ಅಪ್‌ಡೇಟ್ ಆದ ರಾತ್ರಿ ಫಿಲ್ಟರ್ ಸದ್ದಿಲ್ಲದೆ ಸತ್ತು ಡಿಸ್ಕ್ ಮತ್ತೆ ತುಂಬುತ್ತದೆ. ಫಿಲ್ಟರ್ ಬೇಕೇಬೇಕು ಎಂದಾದರೆ ಪದಕ್ಕಿಂತ ಆದ್ಯತೆಯ ಮಟ್ಟ ನಂಬಿಕಸ್ಥ. 2020ರಲ್ಲಿ, 5.9ನೇ ಆವೃತ್ತಿಗೆ, ಸರಿಪಡಿಸಿದ ದೋಷಗಳನ್ನು ‘ಎರರ್’ ಮಟ್ಟದಿಂದ ‘ವಾರ್ನಿಂಗ್’ ಮಟ್ಟಕ್ಕೆ ಇಳಿಸಲಾಯಿತು. ಅದಕ್ಕೂ ಹಿಂದೆ ಮಾರಕವಾದದ್ದೂ ಅಲ್ಲದ್ದೂ ಒಂದೇ ಮಟ್ಟದಲ್ಲಿ ಬರುತ್ತಿದ್ದವು.

‘ಕರ್ನಲ್.ಪ್ರಿಂಟ್‌ಕೆ_ರೇಟ್‌ಲಿಮಿಟ್’ ಎಂಬ ಸಿಸ್‌ಕಂಟ್ರೋಲ್ (ಓಡುತ್ತಿರುವಾಗಲೇ ಬದಲಿಸಬಹುದಾದ ಕರ್ನಲ್ ಸೆಟ್ಟಿಂಗ್) ಕಂಡು ಖುಷಿಪಡುವವರೂ ಇದ್ದಾರೆ. ಹೆಸರು ಕೇಳಿದರೆ ಎಲ್ಲ ಸಂದೇಶಕ್ಕೂ ಅನ್ವಯ ಎನ್ನಿಸುತ್ತದೆ. ‘ಮಿತಿ ದಾಟಿದೆಯಾ’ ಎಂದು ಆ ಕಾರ್ಯವನ್ನು ಕರೆದು ಕೇಳಿಕೊಂಡು ಬರೆಯುವ ಕೋಡಿಗೆ ಮಾತ್ರ ಅದು ಅನ್ವಯ. ಎಇಆರ್ ಕೋಡು ಕೇಳುತ್ತಿರಲಿಲ್ಲ. ಜರ್ನಲ್‌ಡಿಯ 30 ಸೆಕೆಂಡಿಗೆ 10,000 ಎಂಬ ಮಿತಿ ಕೂಡ ಸೇವೆಗಳ ಲೆಕ್ಕದ್ದು, ಕರ್ನಲ್ಲಿಗೆ ಅದನ್ನು ನೆಚ್ಚಬಾರದು. ‘ಡಿಮೆಸೇಜ್ -ಎನ್ 1’ ಪರದೆಯ ಮೇಲೆ ಬರುವುದನ್ನು ತಡೆಯುತ್ತದೆ, ಉಂಗುರಕ್ಕೂ ಫೈಲಿಗೂ ಬರುವುದನ್ನಲ್ಲ.

ಹಾಗಾದರೆ ಕೆಲಸ ಮಾಡುವ ಕ್ರಮ. ಮೊದಲು ಲಾಗನ್ನು ಬದಿಗಿಟ್ಟು ಎಣಿಸಬೇಕು. 2018ರ 4.19ನೇ ಕರ್ನಲ್‌ನಿಂದ ಈಚೆಗೆ ಪ್ರತಿ ಸಾಧನದ ದೋಷಗಳನ್ನು ಕರ್ನಲ್ ತಾನೇ ಎಣಿಸಿಡುತ್ತದೆ: ‘/ಸಿಸ್/ಬಸ್/ಪಿಸಿಐ/ಡಿವೈಸಸ್/0000:00:1ಸಿ.5/ಎಇಆರ್_ಡೆವ್_ಕರೆಕ್ಟಬಲ್’. ‘ಕ್ಯಾಟ್’ ಮಾಡಿದರೆ ಪ್ರತಿ ಬಗೆಯ ದೋಷಕ್ಕೆ ಒಂದೊಂದು ಸಾಲು, ಮೊದಲನೆಯದೇ ‘ಆರ್‌ಎಕ್ಸ್‌ಎರ್’, ಕೊನೆಯಲ್ಲಿ ಒಟ್ಟು ಮೊತ್ತ. ಒಮ್ಮೆ ಓದಿ, 60 ಸೆಕೆಂಡು ಬಿಟ್ಟು ಮತ್ತೆ ಓದಿ, ಕಳೆಯಿರಿ. ಇದನ್ನು ಮೂರು ಸ್ಥಿತಿಯಲ್ಲಿ ಮಾಡಬೇಕು: ವೈಫೈ ಸುಮ್ಮನಿದ್ದಾಗ, ದೊಡ್ಡ ಫೈಲು ಇಳಿಯುತ್ತಿರುವಾಗ, ವೈಫೈ ಡ್ರೈವರನ್ನು ‘ಮಾಡ್‌ಪ್ರೋಬ್ -ಆರ್’ ಕೊಟ್ಟು ಇಳಿಸಿದಾಗ. ಸುಮ್ಮನಿದ್ದಾಗ ಎಣಿಕೆ ಹೆಚ್ಚು, ಫೈಲು ಇಳಿಯುವಾಗ ಕಡಿಮೆ ಎಂದಾದರೆ ಬೆರಳು ನೇರವಾಗಿ ಎಎಸ್‌ಪಿಎಂ ಕಡೆಗೆ ತೋರಿಸುತ್ತದೆ. ಲಿಂಕ್ ಅರೆನಿದ್ದೆಗೆ ಜಾರಿ ಏಳುವಾಗ ಪೋರ್ಟು ಸಂಕೇತದ ತಾಳವನ್ನು ಮತ್ತೆ ಹಿಡಿಯಬೇಕು; ಹಿಡಿಯುವ ಆ ಗಳಿಗೆಯಲ್ಲಿ ತಪ್ಪು ಕೇಳಿಸುತ್ತದೆ. ಸಂಚಾರ ನಿರಂತರವಾಗಿದ್ದರೆ ನಿದ್ದೆಯೇ ಇಲ್ಲ, ತಪ್ಪೂ ಇಲ್ಲ. ಎರಡೂ ಸ್ಥಿತಿಯಲ್ಲಿ ಒಂದೇ ಸಮ ಇದ್ದರೆ ಕನೆಕ್ಟರನ್ನು ಮೊದಲು ನೋಡಿ: ಬ್ಯಾಟರಿ ಬೇರ್ಪಡಿಸಿ, ಕಾರ್ಡಿನ ಸ್ಕ್ರೂ ತೆಗೆದು, ಚಿನ್ನದ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಮತ್ತೆ ಕೂರಿಸಿ.

ಸರ್ವರುಗಳಲ್ಲಿ ಈ ಎಣಿಕೆಯ ಫೈಲೇ ಇಲ್ಲದಿರಬಹುದು, ಅಥವಾ ಎಲ್ಲ ಸೊನ್ನೆ ಇರಬಹುದು. ಅಲ್ಲಿ ಎಇಆರ್ ಯಜಮಾನಿಕೆಯನ್ನು ಬಯಾಸ್ ತನ್ನ ಬಳಿಯೇ ಇಟ್ಟುಕೊಂಡಿರುತ್ತದೆ, ಸಂದೇಶಗಳೂ ‘ಹಾರ್ಡ್‌ವೇರ್ ಎರರ್’ ಎಂಬ ಬೇರೆ ವೇಷದಲ್ಲಿ ಬರುತ್ತವೆ. ಅದು ಬೇರೆಯೇ ಪ್ರಕರಣ.

ಮುಂದೆ ಲಿಂಕಿನ ಈಗಿನ ಸ್ಥಿತಿ. ‘ಸುಡೊ ಎಲ್‌ಎಸ್‌ಪಿಸಿಐ -ವಿವಿವಿ -ಎಸ್ 00:1ಸಿ.5’ ಕೊಡಿ, ಸುಡೊ ಇಲ್ಲದಿದ್ದರೆ ಬೇಕಾದ ಭಾಗವೇ ಕಾಣುವುದಿಲ್ಲ. ‘ಲಿಂಕ್‌ಕಂಟ್ರೋಲ್’ ಸಾಲಿನಲ್ಲಿ ಎಎಸ್‌ಪಿಎಂ ಎಲ್1 ಚಾಲೂ ಇದೆಯೇ ನೋಡಿ. 5.5 ಅಥವಾ ನಂತರದ ಕರ್ನಲ್ ಆದರೆ ಕಾರ್ಡಿನ ಸಿಸ್‌ಎಫ್‌ಎಸ್ (/ಸಿಸ್ ಒಳಗಿನ) ಫೋಲ್ಡರಿನಲ್ಲಿ ‘ಲಿಂಕ್’ ಎಂಬ ಒಳಫೋಲ್ಡರು, ಅದರಲ್ಲಿ ‘ಎಲ್1_ಎಎಸ್‌ಪಿಎಂ’ ಎಂಬ ಫೈಲು ಇರುತ್ತದೆ. ಗಮನಿಸಿ, ಪೋರ್ಟಿನದರಲ್ಲಲ್ಲ, ಕಾರ್ಡಿನದರಲ್ಲಿ. ಅದಕ್ಕೆ 0 ಬರೆದರೆ ಈ ಒಂದು ಲಿಂಕಿನ ಎಲ್1 ಮಾತ್ರ ನಿಲ್ಲುತ್ತದೆ. ಡಿಸ್ಕು, ಗ್ರಾಫಿಕ್ಸ್ ತಮ್ಮ ಪಾಡಿಗೆ ವಿದ್ಯುತ್ ಉಳಿಸುತ್ತಿರುತ್ತವೆ. ಹಳೆಯ ಕರ್ನಲ್‌ನಲ್ಲಿ ಇದನ್ನೇ ‘ಸೆಟ್‌ಪಿಸಿಐ -ಎಸ್ 02:00.0 ಕ್ಯಾಪ್_ಎಕ್ಸ್‌ಪಿ+10.ಡಬ್ಲ್ಯೂ=0:3’ ಎಂದು ಕೊಡಬೇಕು, 02:00.0ರ ಜಾಗದಲ್ಲಿ ನಿಮ್ಮ ಕಾರ್ಡಿನ ವಿಳಾಸ. ಬಂದ್ ಮಾಡುವಾಗ ಕಾರ್ಡಿನ ಕಡೆ ಮೊದಲು, ಪೋರ್ಟಿನ ಕಡೆ ಆಮೇಲೆ. ಚಾಲೂ ಮಾಡುವಾಗ ಇದರ ತಿರುಗುಮುರುಗು.

ಮತ್ತೆ 60 ಸೆಕೆಂಡಿನ ಎಣಿಕೆ. ಈ ಪೋರ್ಟು, ಈ ಕಾರ್ಡಿನ ಜೋಡಿಯಲ್ಲಿ ಎಷ್ಟೋ ಯಂತ್ರಗಳಲ್ಲಿ ಎಣಿಕೆ ಇಲ್ಲಿಗೆ ನಿಲ್ಲುತ್ತದೆ. ನಿಂತರೆ ಯೂಡೆವ್ ನಿಯಮ ಬರೆದು ಖಾಯಂ ಮಾಡಿ: ಸಬ್‌ಸಿಸ್ಟಮ್ ಪಿಸಿಐ, ವೆಂಡರ್ 0ಎಕ್ಸ್10ಇಸಿ, ಡಿವೈಸ್ 0ಎಕ್ಸ್‌ಬಿ723 ಇರುವ ಸಾಧನ ಕಂಡಾಗ ‘ಲಿಂಕ್/ಎಲ್1_ಎಎಸ್‌ಪಿಎಂ’ಗೆ 0. ವಿಳಾಸದ ಬದಲು ಐಡಿ ಬಳಸುವುದು ಯಾಕೆಂದರೆ ಬಯಾಸ್‌ನಲ್ಲಿ ಇನ್ನೊಂದು ಸಾಧನ ಚಾಲೂ ಮಾಡಿದರೆ ಬಸ್ ಸಂಖ್ಯೆ ಬದಲಾಗಬಹುದು.

ನಿಲ್ಲದಿದ್ದರೆ, ಕನೆಕ್ಟರೂ ಚೊಕ್ಕವಾಗಿದ್ದರೆ, ವೈಫೈ ವೇಗವೂ ಚೆನ್ನಾಗಿದ್ದರೆ, ಆಗ ಹಾರ್ಡ್‌ವೇರಿನಲ್ಲೇ ಆ ಒಂದು ಬಿಟ್ ಮುಚ್ಚುವ ಹಂತ: ‘ಸೆಟ್‌ಪಿಸಿಐ -ಎಸ್ 00:1ಸಿ.5 ಇಕ್ಯಾಪ್_ಎಇಆರ್+14.ಎಲ್=1:1’. ಎಇಆರ್ ರಿಜಿಸ್ಟರುಗಳಲ್ಲಿ 10ನೇ ಸ್ಥಾನದ್ದು ಸ್ಟೇಟಸ್, 14ನೇ ಸ್ಥಾನದ್ದು ಮಾಸ್ಕ್. ಬಿಟ್ 0 ಮಾತ್ರ ಏರಿಸಿದೆವು. ಬಿಟ್ 6, 7, 8, 12 ಎಂದಿನಂತೆ ವರದಿಯಾಗುತ್ತವೆ, ಮಾರಕ ದೋಷಗಳಂತೂ ಬೇರೆಯೇ ರಿಜಿಸ್ಟರಿನಲ್ಲಿವೆ. ಲಾಗಿನ ಮೂರನೆಯ ಸಾಲು ಮುಂದೆಂದಾದರೂ ಬಂದರೆ ಮಾಸ್ಕ್ ಭಾಗದಲ್ಲಿ 00002001 ಎಂದಿರಬೇಕು.

ಇದೇ ಕೆಲಸಕ್ಕೆ ಎಂದು ಹರಿದಾಡುತ್ತಿರುವ ಇನ್ನೊಂದು ಆದೇಶದ ಬಗ್ಗೆ ಎಚ್ಚರ ಬೇಕು: ‘ಕ್ಯಾಪ್_ಎಕ್ಸ್‌ಪಿ+8.ಡಬ್ಲ್ಯೂ=0ಎಕ್ಸ್0ಇ’. ಅದರ ಉದ್ದೇಶ ಡಿವೈಸ್ ಕಂಟ್ರೋಲ್ ರಿಜಿಸ್ಟರಿನ ಬಿಟ್ 0, ಅಂದರೆ ಸರಿಪಡಿಸಿದ ದೋಷದ ವರದಿಯನ್ನು ಬಂದ್ ಮಾಡುವುದು. ಆದರೆ ಮಾಸ್ಕ್ ಇಲ್ಲದೆ ಬರೆದರೆ 16 ಬಿಟ್ಟೂ ಹೊಸದಾಗುತ್ತವೆ. ಬಿಟ್ 5ರಿಂದ 7 ಒಂದು ಪ್ಯಾಕೆಟ್ಟಿನಲ್ಲಿ ಎಷ್ಟು ಡೇಟಾ ಇರಬಹುದು ಎಂಬುದನ್ನೂ, 12ರಿಂದ 14 ಒಂದೇ ಸಲಕ್ಕೆ ಎಷ್ಟು ಓದಲು ಕೇಳಬಹುದು ಎಂಬುದನ್ನೂ ಹಿಡಿದಿರುತ್ತವೆ. ಎರಡೂ ಸೊನ್ನೆಯಾಗಿ 128 ಬೈಟಿಗೆ ಕುಸಿಯುತ್ತವೆ. ಪೋರ್ಟು 128ಕ್ಕೆ ಇಳಿದು ಕೆಳಗಿನ ಸಾಧನ ಇನ್ನೂ 256 ಬೈಟಿನ ಪ್ಯಾಕೆಟ್ ಕಳಿಸುತ್ತಿದ್ದರೆ ಪೋರ್ಟು ಅದನ್ನು ವಿಕೃತ ಪ್ಯಾಕೆಟ್ ಎಂದು ತಳ್ಳುತ್ತದೆ; ಅದು ಸರಿಪಡಿಸಲಾಗದ ದೋಷ. ಲಾಗಿನ ಗದ್ದಲ ಕಳೆಯಲು ಹೋಗಿ ಯಂತ್ರವನ್ನೇ ಕೆಡವಿದಂತೆ. ಆ ಬಿಟ್ಟೇ ಬೇಕಿದ್ದರೆ ‘=0:1’ ಎಂದು ಬರೆಯಿರಿ, ಉಳಿದ 15 ಬಿಟ್ ಹಾಗೇ ಇರುತ್ತವೆ.

ಮಾಸ್ಕ್ ಹಾಕಿದ ಮೇಲೆ ಒಂದು ವಿಷಯ ಮರೆಯಬಾರದು: ಸಿಸ್‌ಎಫ್‌ಎಸ್ ಎಣಿಕೆಯೂ ನಿಲ್ಲುತ್ತದೆ. ಇಂಟರಪ್ಟೇ ಬಾರದಿದ್ದರೆ ಕರ್ನಲ್ ಏನನ್ನು ಎಣಿಸೀತು? ಸೊನ್ನೆ ಕಂಡು ‘ಲಿಂಕ್ ವಾಸಿಯಾಯಿತು’ ಎಂದುಕೊಂಡರೆ ತಪ್ಪು. ಆದರೆ ಸ್ಟೇಟಸ್ ಬಿಟ್ ಮಾತ್ರ ಮುಚ್ಚಿದರೂ ಏಳುತ್ತದೆ. ತಿಂಗಳಿಗೊಮ್ಮೆ ಎಲ್‌ಎಸ್‌ಪಿಸಿಐಯಲ್ಲಿ ‘ಸಿಇ ಸ್ಟೇಟಸ್’ ಸಾಲು ನೋಡಿ. ‘ಆರ್‌ಎಕ್ಸ್‌ಎರ್+’ ಎಂದಿದ್ದರೆ, ಆ ಬಿಟ್ ಕೊನೆಯ ಸಲ ಅಳಿಸಿದ ಮೇಲೆ ಒಮ್ಮೆಯಾದರೂ ದೋಷ ಬಂದಿದೆ. ‘ಲಿಂಕ್ ಸ್ಟೇಟಸ್’ ಸಾಲಿನಲ್ಲಿ ವೇಗವೋ ಅಗಲವೋ ‘ಡೌನ್‌ಗ್ರೇಡೆಡ್’ ಎಂದು ಕಂಡರೆ ಮಾಸ್ಕ್ ತೆಗೆದು ಹಾರ್ಡ್‌ವೇರ್ ನೋಡುವ ಹೊತ್ತು ಬಂದಿದೆ. ಇದೇ ನಾಲ್ಕು ಸಾಲು ವೈಫೈ ಬದಲು ಎನ್‌ವಿಎಂಇ ಡಿಸ್ಕಿನ ಪೋರ್ಟಿನಿಂದ ಬಂದಿದ್ದರೆ, ಅದೂ ಬಿಟ್ 6 ಅಥವಾ 8 ಜೊತೆಗಿದ್ದರೆ, ಮಾಸ್ಕ್ ಯೋಚನೆಯನ್ನೇ ಮಾಡಬಾರದು. ಮೊದಲು ಬ್ಯಾಕಪ್, ಆಮೇಲೆ ಸ್ಕ್ರೂಡ್ರೈವರ್.

ಕರ್ನಲ್ ಬರೆಯುವವರ ಕಡೆಯಿಂದ ಈ ಪ್ರಕರಣಕ್ಕೆ ಪರಿಹಾರ ಸಿಕ್ಕಿದ್ದು ತಡವಾಗಿ, 2025ರ 6.16ನೇ ಆವೃತ್ತಿಯಲ್ಲಿ. ಒಂದೇ ಸಂದೇಶ ಪದೇ ಪದೇ ಬಾರದಂತೆ ತಡೆಯಲು ಕರ್ನಲ್‌ನಲ್ಲಿ ಮೊದಲಿನಿಂದ ಎರಡು ಸಾಧನಗಳಿವೆ. ‘ಪಿಆರ್_ವಾರ್ನ್_ಒನ್ಸ್’ ಬೂಟ್ ಆದಮೇಲೆ ಒಂದೇ ಸಲ ಹೇಳಿ ಸುಮ್ಮನಾಗುತ್ತದೆ. ಇಲ್ಲಿ ಅದು ಹೊಂದುವುದಿಲ್ಲ: ಬೆಳಿಗ್ಗೆ ವೈಫೈ ಬಗ್ಗೆ ಹೇಳಿಬಿಟ್ಟರೆ ಸಂಜೆ ಡಿಸ್ಕಿನ ಬಗ್ಗೆ ಬಾಯಿ ಬಿಡುವುದಿಲ್ಲ. ‘ರೇಟ್‌ಲಿಮಿಟೆಡ್’ ಎಂಬುದು 5 ಸೆಕೆಂಡಿಗೆ 10 ಎಂಬ ಮಿತಿ ಇಟ್ಟುಕೊಂಡು, ನುಂಗಿದ್ದೆಷ್ಟು ಎಂದು ‘ಇಷ್ಟು ಕಾಲ್‌ಬ್ಯಾಕ್ಸ್ ಸಪ್ರೆಸ್ಡ್’ ಸಾಲಿನಲ್ಲಿ ಹೇಳುತ್ತದೆ. ಇದೇ ವಾಸಿ, ಆದರೆ ಆ ಮಿತಿಯ ಲೆಕ್ಕ ಕೋಡಿನ ಆ ಜಾಗಕ್ಕೆ ಒಂದೇ. ಗಲಾಟೆಯ ವೈಫೈ ಪೋರ್ಟು ಹತ್ತೂ ಪಾಲನ್ನು ಕಬಳಿಸಿದರೆ ಡಿಸ್ಕಿನ ಒಂದು ಸಾಲಿಗೆ ಜಾಗ ಸಿಗುವುದಿಲ್ಲ. 6.16ರಲ್ಲಿ ಮಾಡಿದ್ದು ಲೆಕ್ಕವನ್ನು ಪ್ರತಿ ಸಾಧನಕ್ಕೂ ಬೇರೆ ಇಟ್ಟಿದ್ದು, ಅದರಲ್ಲೂ ಸರಿಪಡಿಸಿದ ದೋಷಕ್ಕೊಂದು, ಮಾರಕವಲ್ಲದ ದೋಷಕ್ಕೊಂದು. ಮಾರಕ ದೋಷಕ್ಕೆ ಮಿತಿಯೇ ಇಲ್ಲ. ಎಣಿಕೆಯೂ, ರಾಸ್‌ಡೀಮನ್ (ಹಾರ್ಡ್‌ವೇರ್ ದೋಷಗಳನ್ನು ದಾಖಲಿಸುವ ಸೇವೆ) ಓದುವ ಟ್ರೇಸ್ ಘಟನೆಯೂ ಮಿತಿಯ ಗೇಟಿಗೆ ಮುಂಚೆಯೇ ನಡೆಯುವುದರಿಂದ ಸಾಲು ನುಂಗಿದರೂ ಲೆಕ್ಕ ತಪ್ಪುವುದಿಲ್ಲ.

ಆದರೂ ಹೊಸ ಕರ್ನಲ್ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. 5 ಸೆಕೆಂಡಿಗೆ 10 ದೋಷ, ತಲಾ 500 ಬೈಟ್ ಎಂದರೆ ಸೆಕೆಂಡಿಗೆ 1 ಕಿಲೋಬೈಟ್, ಒಂದು ಫೈಲಿಗೆ ದಿನಕ್ಕೆ 86 ಮೆಗಾಬೈಟ್. ಡಿಸ್ಕ್ ಬಚಾವಾಯಿತು, ಆದರೆ 256 ಕಿಲೋಬೈಟಿನ ಉಂಗುರ ಐದು ನಿಮಿಷದೊಳಗೆ ಈಗಲೂ ಒಂದು ಸುತ್ತು ಬರುತ್ತದೆ. ಪೋರ್ಟಿನ ‘ಎಇಆರ್’ ಫೋಲ್ಡರಿನಲ್ಲಿರುವ ‘ಕರೆಕ್ಟಬಲ್_ರೇಟ್‌ಲಿಮಿಟ್_ಇಂಟರ್ವಲ್_ಎಂಎಸ್’ಗೆ 5000ದ ಬದಲು 600000 ಬರೆದರೆ ಹತ್ತು ನಿಮಿಷಕ್ಕೆ ಹತ್ತು ದೋಷ, ದಿನಕ್ಕೆ ಸುಮಾರು 720 ಕಿಲೋಬೈಟ್. ಅಲ್ಲಿ 0 ಬರೆದರೆ ಮಿತಿಯೇ ರದ್ದಾಗುತ್ತದೆ, ಹಳೆಯ ಪ್ರವಾಹ ವಾಪಸ್.

ಹಳೆಯ ಲಾಗನ್ನು ಬದಿಗಿಟ್ಟು ಹೊಸ ಫೈಲು ಶುರು ಮಾಡುವ (‘ತಿರುಗಿಸುವ’) ಲಾಗ್‌ರೊಟೇಟ್‌ನಲ್ಲೂ ಒಂದು ಸಾಲು ಸೇರಿಸಿಡಿ. ಕರ್ನ್.ಲಾಗ್ ವಾರಕ್ಕೊಮ್ಮೆ ತಿರುಗುವಂತಿದ್ದರೆ ಗಾತ್ರ ಎಷ್ಟಾದರೂ ಅದು ವಾರ ಕಾಯುತ್ತದೆ. ‘ಮ್ಯಾಕ್ಸ್‌ಸೈಜ್ 200ಎಂ’ ಎಂದರೆ ಗಾತ್ರ ಮೀರಿದಾಗಲೂ ತಿರುಗುತ್ತದೆ. ಆದರೆ ಲಾಗ್‌ರೊಟೇಟ್ ತಾನೇ ದಿನಕ್ಕೊಮ್ಮೆ ಏಳುವ ಕೆಲಸ, ನಡುವೆ ಬಂದ 4 ಗಿಗಾಬೈಟನ್ನು ಅದು ನೋಡುವುದಿಲ್ಲ. ಅದರ ಟೈಮರನ್ನು ಗಂಟೆಗೊಮ್ಮೆ ಎಂದು ಬದಲಿಸಿದರೆ ಮಾತ್ರ ಆ ಮಿತಿಗೆ ಅರ್ಥ. ಸೆಟ್‌ಪಿಸಿಐ ಕೊಟ್ಟದ್ದು ರೀಬೂಟ್ ಆದರೆ ಉಳಿಯುವುದಿಲ್ಲವಾದ್ದರಿಂದ ಅದನ್ನು ಸಿಸ್ಟಮ್‌ಡಿಯ ಒಂದು ‘ಒನ್‌ಶಾಟ್’ ಸೇವೆಯಲ್ಲಿ ಹಾಕಿಡಿ. ಲ್ಯಾಪ್‌ಟಾಪಿನ ಮುಚ್ಚಳ ಒಮ್ಮೆ ಮುಚ್ಚಿ, ಅದು ನಿದ್ದೆಗೆ ಹೋಗಿ ಎದ್ದ ಮೇಲೆ ‘ಇಕ್ಯಾಪ್_ಎಇಆರ್+14.ಎಲ್’ ಅನ್ನು ಬರೆಯದೆ ಬರೀ ಓದಿ ನೋಡಿ. 00002001 ಇದ್ದರೆ ಮಾಸ್ಕ್ ಉಳಿದಿದೆ. 00002000 ಇದ್ದರೆ ಅದೇ ಸೇವೆಯನ್ನು ಎದ್ದಾಗಲೂ ಓಡುವಂತೆ ‘ಸಸ್ಪೆಂಡ್.ಟಾರ್ಗೆಟ್’ ಆದಮೇಲೆ ಎಂದು ಕಟ್ಟಬೇಕು.